‘ಚೆನ್ನಾಗಿದೆ’ ಬೇಡ, ಮುಂದೇನಾಗುತ್ತೆ ಹೇಳಿ: ಮೊದಲ ಕಾದಂಬರಿಗೆ ಓದುಗರ ಚೀಟಿ ಕೂಡಿಸಿದ ನನ್ನ ಅನುಭವ

ಕಾದಂಬರಿ ಅಚ್ಚಿಗೆ ಹೋಗುವ ಮೊದಲೇ ಓದುಗರಿಗೆ ಕೊಟ್ಟು, ಅವರು ಹೇಗೆ ಓದುತ್ತಾರೆ ನೋಡಿಕೊಂಡು ತಿದ್ದುತ್ತೇನೆ ಅಂದಾಗ ನನ್ನ ಬರೆಯುವ ಸ್ನೇಹಿತರಲ್ಲಿ ಮುಕ್ಕಾಲು ಪಾಲು ಜನ ಬೇಡ ಅಂದರು. ‘ಹತ್ತು ಜನರನ್ನು ಕೇಳಿದರೆ ಹನ್ನೊಂದು ದಾರಿ ತೋರಿಸುತ್ತಾರೆ’ ಅಂದರು ಒಬ್ಬರು. ‘ಸಸ್ಪೆನ್ಸ್ ಇರುವ ಕಥೆಯನ್ನು ನಡುನಡುವೆ ನಿಲ್ಲಿಸಿ ಓದಿಸಿದರೆ ಸಸ್ಪೆನ್ಸೇ ಸತ್ತುಹೋಗುತ್ತೆ’ ಅಂದರು ಇನ್ನೊಬ್ಬರು. ಎರಡನೆಯದು ಗಟ್ಟಿ ಆಕ್ಷೇಪ. ಅದಕ್ಕೆ ಉತ್ತರ ಸಿಗಲು ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಈಗ ಪುಸ್ತಕ ಬಂದಿದೆ, ಮೊದಲ ಮುದ್ರಣ ಖಾಲಿಯಾಗಿದೆ. ಅದೇ ಸ್ನೇಹಿತರು ಫೋನ್ ಮಾಡಿ ‘ಆ ಚೀಟಿ ವಿಷಯ ಸ್ವಲ್ಪ ಹೇಳು’ ಅಂತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಂದೇ ಸಲ ಬರೆಯುತ್ತಿದ್ದೇನೆ.

ಕಥೆ ಚಿಕ್ಕದಾಗಿ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹದಿನೈದು ವರ್ಷದ ಹುಡುಗಿ. ಒಂದು ಸಂಜೆ ಅಪ್ಪ ಮನೆಗೆ ಬರುವುದಿಲ್ಲ. ಅಮ್ಮ ‘ಕೆಲಸದ ಮೇಲೆ ಹೋಗಿದ್ದಾರೆ’ ಅನ್ನುತ್ತಾಳೆ. ಮಾರನೆಯ ದಿನ ಸೋದರಮಾವ ಬಂದು ಮನೆಯಲ್ಲೇ ಉಳಿಯುತ್ತಾನೆ. ಏನೂ ಗೊತ್ತಿಲ್ಲದ ಪುಟ್ಟ ತಮ್ಮ ಒಬ್ಬನಿದ್ದಾನೆ. ಒಂದು ಶಾಲಾ ವರ್ಷದೊಳಗೆ ಎಲ್ಲ ನಡೆದು ಮುಗಿಯುತ್ತದೆ. ಅಪ್ಪ ಎಲ್ಲಿ ಅನ್ನುವ ಪ್ರಶ್ನೆ ಒಂದು ಕಡೆ. ಆ ಹುಡುಗಿಗೆ ಲೋಕ ತಿಳಿಯುತ್ತ ಹೋಗುವುದು ಇನ್ನೊಂದು ಕಡೆ. ಇಂಥದ್ದನ್ನು ಬರೆದವರಿಗೆ ಗೊತ್ತು, ಇವೆರಡೂ ಒಂದಕ್ಕೊಂದು ಅಡ್ಡ ಬರುತ್ತವೆ. ಪ್ರಶ್ನೆಗೆ ಓಟ ಬೇಕು. ಹುಡುಗಿ ಬೆಳೆಯುವುದಕ್ಕೆ ನಿಧಾನ ಬೇಕು.

ಕೆಲಸಕ್ಕೆ ಬಾರದೇ ಹೋದ ವಿಧಾನಗಳಿಂದ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಹೆಚ್ಚಿನವರು ಈಗ ಅಲ್ಲೇ ಇದ್ದೀರಿ.

ಮೊದಲು ಎಲ್ಲರೂ ಮಾಡುವಂತೆ ಪಿಡಿಎಫ್ ಮಾಡಿ 30ರ ಆಸುಪಾಸು ಜನರಿಗೆ ಫೋನಿಗೆ ಕಳಿಸಿದೆ. ಅರ್ಧಕ್ಕರ್ಧ ಜನರಿಂದ ಉತ್ತರವೇ ಇಲ್ಲ. ಉಳಿದವರಲ್ಲಿ ಬಹಳಷ್ಟು ಜನ ಒಂದೆರಡು ತಿಂಗಳಾದ ಮೇಲೆ ‘ಚೆನ್ನಾಗಿದೆ’ ಅಂದರು. ಪೂರ್ತಿ ಓದಿದವರು ಐದಾರು ಜನ ಇರಬಹುದು. ಅವರ ಮಾತು ಹಿಡಿದುಕೊಂಡೂ ಒಂದು ಪುಟ ತಿದ್ದಲು ಆಗಲಿಲ್ಲ. ‘ನಡುವೆ ಸ್ವಲ್ಪ ಎಳೆದ ಹಾಗಿದೆ’ ಅಂದರೆ ಯಾವ ನಡುವೆ? ಅಲ್ಲಿ ಅವರು ಏನು ಕಾಯುತ್ತಿದ್ದರು? ಫೋನ್ ಮಾಡಿ ಕೇಳಿದರೆ ಅವರಿಗೂ ನೆನಪಿಲ್ಲ.

ಆಮೇಲೆ ಗೂಗಲ್ ಫಾರ್ಮ್. 40ರ ಹತ್ತಿರ ಪ್ರಶ್ನೆಗಳು. ಸಸ್ಪೆನ್ಸ್ ಕಾದಂಬರಿಗೆ ಇದಕ್ಕಿಂತ ಕೆಟ್ಟ ವಿಧಾನ ಇಲ್ಲ. ‘ನಾಲ್ಕನೇ ಅಧ್ಯಾಯದಲ್ಲಿ ಮಾವನ ಮೇಲೆ ಅನುಮಾನ ಬಂತೇ?’ ಅಂತ ಕೇಳಿದ ಕೂಡಲೇ ಎಲ್ಲರಿಗೂ ಬಂದುಬಿಡುತ್ತೆ. ಪ್ರಶ್ನೆಯೇ ಸುಳಿವು ಕೊಟ್ಟುಬಿಡುತ್ತೆ. ಬಂದ ಉತ್ತರಗಳನ್ನು ಎಕ್ಸೆಲ್‌ಗೆ ಹಾಕಿದರೆ ನೋಡಲು ಬಹಳ ಚೆಂದ, ಅದರಲ್ಲಿ ನಂಬುವಂಥದ್ದು ಏನೂ ಇರಲಿಲ್ಲ.

ವಾಟ್ಸಾಪ್ ಗುಂಪೂ ನೋಡಿಯಾಯಿತು. ಗುಂಪಿನಲ್ಲಿ ಚೆನ್ನಾಗಿ ಮಾತಾಡಬಲ್ಲ ಒಬ್ಬರು ಎರಡನೇ ದಿನವೇ ‘ಅಪ್ಪ ಸತ್ತಿದ್ದಾನೆ, ನೋಡ್ತಾ ಇರಿ’ ಅಂತ ಬರೆದರು. ಅಲ್ಲಿಗೆ ಮುಗಿಯಿತು. ಆಮೇಲೆ ಬಂದವರೆಲ್ಲ ಆ ಮಾತಿಗೆ ಹೌದು ಅನ್ನುವವರು ಅಥವಾ ಅಲ್ಲ ಅನ್ನುವವರು. ತಾವಾಗಿ ಯೋಚಿಸಿದವರು ಒಬ್ಬರೂ ಉಳಿಯಲಿಲ್ಲ.

ದುಡ್ಡು ಜಾಸ್ತಿ ಹೋಗಿದ್ದು ನಾಲ್ಕನೆಯದಕ್ಕೆ. ಹಸ್ತಪ್ರತಿ ಓದಿ ವರದಿ ಬರೆದುಕೊಡುವ ಒಬ್ಬರಿಗೆ ಕೊಟ್ಟೆ. ಈ ಇಡೀ ಸಾಹಸಕ್ಕೆ ನಾನು ಖರ್ಚು ಮಾಡಿದ್ದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಅದೊಂದಕ್ಕೇ ಹೋಯಿತು. ವರದಿ ಕೆಟ್ಟದಾಗಿರಲಿಲ್ಲ. ಎಲ್ಲಿ ಕಾಲ ಗೊಂದಲವಾಗಿದೆ, ಎಲ್ಲಿ ಮಾತು ಉದ್ದವಾಯಿತು, ಎಲ್ಲ ಸರಿಯಾಗಿ ಗುರುತು ಹಾಕಿದ್ದರು. ಆದರೆ ಕೆಲಸಕ್ಕಾಗಿ ಓದುವವರು ಬೇಸರವಾದರೂ ಪುಟ ತಿರುಗಿಸಲೇಬೇಕು. ಸಾಮಾನ್ಯ ಓದುಗರು ಪುಸ್ತಕವನ್ನು ಎಲ್ಲಿ ಕೆಳಗಿಡುತ್ತಾರೆ, ಮತ್ತೆ ಎಷ್ಟು ಹೊತ್ತಿಗೆ ಕೈಗೆತ್ತಿಕೊಳ್ಳುತ್ತಾರೆ ಅನ್ನುವುದು ಅಂಥ ಓದಿನಿಂದ ಗೊತ್ತಾಗುವುದೇ ಇಲ್ಲ. ನನಗೆ ಬೇಕಾಗಿದ್ದು ಅದು.

ಈ ನಾಲ್ಕೂ ಸೋತಿದ್ದಕ್ಕೆ ಒಂದೇ ಕಾರಣ. ನಾನು ಕೇಳುತ್ತಿದ್ದದ್ದು ಓದಿ ಮುಗಿಸಿದ ಮೇಲೆ. ಕೊನೆ ಗೊತ್ತಾದ ಮೇಲೆ ಮನುಷ್ಯರಿಗೆ ‘ನನಗೆ ಮೊದಲೇ ಅನಿಸಿತ್ತು’ ಅಂತಲೇ ಅನಿಸುವುದು. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಹಾಗೆ ನೆನಪಾಗುತ್ತೆ. ಬರೂಕ್ ಫಿಶ್‌ಹಾಫ್ ಅನ್ನುವ ಮನಶ್ಶಾಸ್ತ್ರಜ್ಞ 1975ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ನನ್ನ ಪಿಡಿಎಫ್ ಓದುಗರಲ್ಲಿ ಅಮ್ಮನ ಮೇಲೆ ಮೊದಲಿನಿಂದ ಅನುಮಾನ ಇತ್ತು ಅನ್ನದವರೇ ಇಲ್ಲ. ಆಮೇಲೆ ಚೀಟಿ ಬರೆಸಿದಾಗ ನೋಡಿದರೆ, ಆರಂಭದಲ್ಲಿ ಅಮ್ಮನ ಹೆಸರು ಬರೆದವರು ಬೆರಳೆಣಿಕೆಯಷ್ಟು ಜನ.

ಹಾಗಾಗಿ ಓದುತ್ತಿರುವಾಗಲೇ ಹಿಡಿಯಬೇಕು. ಅದೂ ಬರವಣಿಗೆಯಲ್ಲಿ, ಮುಂದಿನ ಪುಟ ನೋಡುವ ಮೊದಲು.

ನಾನು ಮಾಡಿದ್ದು ಹೀಗೆ. ಹಸ್ತಪ್ರತಿಯನ್ನು ಪ್ರಿಂಟ್ ತೆಗೆದು ಎಂಟು ಕಟ್ಟು ಮಾಡಿದೆ. ಒಂದೊಂದು ಕಟ್ಟು ಒಂದೊಂದು ಲಕೋಟೆಯಲ್ಲಿ, ಅಂಟು ಹಾಕಿ, ಮೇಲೆ ನಂಬರ್ ಬರೆದು. ಪ್ರತಿ ಕಟ್ಟಿನ ಕೊನೆಗೆ ಒಂದು ಚೀಟಿ, ಎ4 ಹಾಳೆಯ ಕಾಲು ಭಾಗ. ಚೀಟಿ ದೊಡ್ಡದಾದರೆ ಜನ ವಿಮರ್ಶೆ ಬರೆಯಲು ಶುರು ಮಾಡುತ್ತಾರೆ. ಅದು ಬೇಡ. ಚೀಟಿಯಲ್ಲಿ ಎರಡೇ ಪ್ರಶ್ನೆ: ‘ಮುಂದೆ ಏನಾಗುತ್ತೆ?’ ಮತ್ತು ‘ಯಾರು ಸುಳ್ಳು ಹೇಳ್ತಿದ್ದಾರೆ?’ ಕೆಳಗೆ ಎರಡು ಗೆರೆ: ಈ ಕಟ್ಟು ಮುಗಿಸಿದ ದಿನ, ಹೊತ್ತು, ಮುಂದಿನ ಲಕೋಟೆ ಒಡೆದ ದಿನ, ಹೊತ್ತು. ಪೆನ್ನಿನಲ್ಲೇ ಬರೆಯಬೇಕು, ಅಳಿಸುವ ಹಾಗಿಲ್ಲ. ‘ಹೇಗಿದೆ’ ಅನ್ನುವ ಪ್ರಶ್ನೆ ಎಲ್ಲೂ ಇಲ್ಲ. ಎಂಟನೇ ಲಕೋಟೆಯ ಚೀಟಿಯಲ್ಲಿ ಮಾತ್ರ ಇನ್ನೊಂದು ಪ್ರಶ್ನೆ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಎರಡನೇ ಕಾದಂಬರಿಗೂ ಅದೇ ಬೇಕು.

ಓದುಗರನ್ನು ಹುಡುಕಿದ್ದು ಬರೆಯುವವರ ವಲಯದ ಹೊರಗೆ. ಅಕೌಂಟೆಂಟ್, ನರ್ಸ್, ಬಟ್ಟೆ ಅಂಗಡಿಯಲ್ಲಿ ಕೂರುವವರು, ಗಣಿತದ ಮೇಷ್ಟ್ರು, ಕಾಲೇಜು ಸೇರಿದ ಹುಡುಗರು, ಹೈಸ್ಕೂಲು ಮಕ್ಕಳು. ಮಕ್ಕಳಿಗೆ ಅವರ ಅಪ್ಪ ಅಮ್ಮನನ್ನು ಕೇಳಿ, ಮನೆಯವರು ಮೊದಲು ಓದಿದ ಮೇಲೆ ಕೊಟ್ಟೆ. ನನ್ನ ಹತ್ತಿರದ ನೆಂಟರು ಒಬ್ಬರೂ ಇಲ್ಲ. ಒಂದು ಸುತ್ತಿಗೆ 15ರಿಂದ 20 ಜನ, ಒಟ್ಟು ಮೂರು ಸುತ್ತು, ಪ್ರತಿ ಸುತ್ತಿಗೂ ಹೊಸಬರು. ಒಮ್ಮೆ ಓದಿದವರು ಎರಡನೇ ಸುತ್ತಿಗೆ ಕೆಲಸಕ್ಕೆ ಬರುವುದಿಲ್ಲ, ಅವರಿಗೆ ಎಲ್ಲ ಗೊತ್ತಿರುತ್ತೆ.

ಕಟ್ಟನ್ನು ಎಲ್ಲಿ ಕತ್ತರಿಸಬೇಕು ಅನ್ನುವುದು ಮುಖ್ಯ. ಧಾರಾವಾಹಿ ಓದಿ ಬೆಳೆದವರಿಗೆ ‘ಮುಂದಿನ ವಾರಕ್ಕೆ’ ಅಂದರೆ ಬಾಗಿಲು ಬಡಿದ ಸದ್ದು, ರಕ್ತದ ಕಲೆ ಇಂಥ ಕಡೆ ನಿಲ್ಲಿಸುವುದು ರೂಢಿ. ನಾನು ಬೇಕೆಂದೇ ತಣ್ಣಗಿನ ಜಾಗದಲ್ಲಿ ಕತ್ತರಿಸಿದೆ. ಹುಡುಗಿ ಬಟ್ಟೆ ಮಡಚುತ್ತಿದ್ದಾಳೆ, ತಮ್ಮನಿಗೆ ಮಗ್ಗಿ ಹೇಳಿಕೊಡುತ್ತಿದ್ದಾಳೆ, ಅಲ್ಲಿಗೆ ಕಟ್ಟು ಮುಗಿಯುತ್ತೆ. ಬಾಗಿಲು ಬಡಿದಾಗ ನಿಲ್ಲಿಸಿದರೆ ಯಾರಾದರೂ ಮುಂದಿನ ಲಕೋಟೆ ಒಡೆದೇ ಒಡೆಯುತ್ತಾರೆ. ಮಗ್ಗಿ ಹೇಳುವಾಗ ನಿಲ್ಲಿಸಿಯೂ ಅದೇ ರಾತ್ರಿ ಒಡೆದರೆ, ಎಳೆತ ಕಥೆಯ ಒಳಗಿದೆ ಅಂತ ಅರ್ಥ. ನಡುವೆ ನಿಲ್ಲಿಸಿದರೆ ಸಸ್ಪೆನ್ಸ್ ಸಾಯುತ್ತೆ ಅಂದ ಸ್ನೇಹಿತರಿಗೆ ಇದೇ ನನ್ನ ಉತ್ತರ. ನಿಲ್ಲಿಸಿದಾಗ ಸಾಯುವ ಸಸ್ಪೆನ್ಸ್ ಇದ್ದರೆ ಅದು ಅಚ್ಚಿಗೆ ಹೋಗುವ ಮೊದಲೇ ಗೊತ್ತಾಗುವುದು ಒಳ್ಳೆಯದು.

ಒಂದು ಲಕೋಟೆ ಮುಗಿಸಿ ಇನ್ನೊಂದು ಒಡೆಯುವುದರ ನಡುವಿನ ಹೊತ್ತು ನನಗೆ ಸಿಕ್ಕ ಅತಿ ನಂಬಿಕೆಯ ಲೆಕ್ಕ. ಬಾಯಿಮಾತಿಗೆ ‘ಬಿಡಲಾಗಲಿಲ್ಲ’ ಅಂದವರೇ ನಾಲ್ಕನೇ ಲಕೋಟೆಯನ್ನು ಒಂಬತ್ತು ಹತ್ತು ದಿನ ಮುಟ್ಟಿರಲಿಲ್ಲ. ಚೀಟಿ ಎದುರಿಗಿದೆ. ಅವರ ಮೇಲೆ ಬೇಸರ ಬೇಡ, ಅವರು ನಮ್ಮ ಮನಸ್ಸು ನೋಯಿಸಬಾರದು ಅಂತ ಹೇಳಿದ್ದು. ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಅಡ್ಡಕ್ಕೆ ಲಕೋಟೆ ನಂಬರ್, ಉದ್ದಕ್ಕೆ ಓದುಗರು, ಒಳಗೆ ದಿನಗಳ ಲೆಕ್ಕ ಬರೆದೆ. ಮೊದಲ ಸುತ್ತಿನಲ್ಲಿ ಮೂರನೇ ಲಕೋಟೆ ತನಕ ಎಲ್ಲ ಒಂದೆರಡು ದಿನ. ನಾಲ್ಕು, ಐದಕ್ಕೆ ಬಂದ ಕೂಡಲೇ ವಾರ, ಹತ್ತು ದಿನ. ಆರಕ್ಕೆ ಬರುವ ಹೊತ್ತಿಗೆ ಮೂರು ನಾಲ್ಕು ಜನ ಬಿಟ್ಟೇಬಿಟ್ಟಿದ್ದರು.

ಅದಕ್ಕಿಂತ ದೊಡ್ಡ ವಿಷಯ ಚೀಟಿಗಳ ಮಾತಿನಲ್ಲಿತ್ತು. ಇದನ್ನು ಹೇಳಲಿಕ್ಕೇ ಇಷ್ಟು ಬರೆದಿದ್ದು. ‘ಮುಂದೆ ಏನಾಗುತ್ತೆ’ ಅಂತ ಕೇಳಿದರೆ ಜನ ಎರಡು ಥರ ಉತ್ತರ ಕೊಡುತ್ತಾರೆ. ಒಂದು ಊಹೆ: ‘ಅಪ್ಪ ಸಾಲ ಮಾಡಿ ಓಡಿಹೋಗಿದ್ದಾನೆ.’ ‘ಮಾವನೇ ಏನೋ ಮಾಡಿದ್ದಾನೆ.’ ಇನ್ನೊಂದು ಊಹೆಯೇ ಅಲ್ಲ, ಬುದ್ಧಿಮಾತು: ‘ಅವಳು ಈಗಲೇ ಅಜ್ಜಿಗೆ ಹೇಳಿಬಿಡಬೇಕು.’ ‘ಮಾವನ ಜೊತೆ ಗಾಡಿ ಹತ್ತಬೇಡ ಕಣೇ.’ ಕೊನೆಯದನ್ನು ಬರೆದವರು ಐವತ್ತು ದಾಟಿದ ಅಕೌಂಟೆಂಟ್. ನಾನು ಕೇಳಿದ ಪ್ರಶ್ನೆ ಅವರಿಗೆ ಮರೆತುಹೋಗಿತ್ತು. ಅವರು ನೇರವಾಗಿ ಹುಡುಗಿಯ ಜೊತೆ ಮಾತಾಡುತ್ತಿದ್ದರು.

ಊಹೆಗೆ ನೀಲಿ, ಬುದ್ಧಿಮಾತಿಗೆ ಕೆಂಪು, ಹೀಗೆ ಗೋಡೆ ಹಾಳೆಗೆ ಚುಕ್ಕೆ ಇಡುತ್ತ ಹೋದೆ. ಕೆಂಪು ಇದ್ದ ಕಡೆಯಲ್ಲೆಲ್ಲ ಮುಂದಿನ ಲಕೋಟೆ ಬೇಗ ಒಡೆದಿದ್ದರು. ಬರೀ ನೀಲಿ ಇದ್ದ ಕಡೆ ಹಾಗಾಗಿರಲಿಲ್ಲ. ಊಹೆ ಸರಿಯೋ ತಪ್ಪೋ ಅನ್ನುವುದು ಲೆಕ್ಕಕ್ಕೇ ಬರಲಿಲ್ಲ! ಸರಿಯಾಗಿ ಊಹಿಸಿದವರೂ ಕೆಂಪು ಬರೆದಿದ್ದರೆ ರಾತ್ರಿಯೆಲ್ಲ ಕೂತು ಓದಿದ್ದಾರೆ. ನಾವು ಬರೆಯುವಾಗ ‘ಓದುಗರಿಗೆ ಗುಟ್ಟು ಗೊತ್ತಾಗಿಬಿಟ್ಟರೆ?’ ಅಂತ ಹೆದರಿ ಎಷ್ಟು ಸುಳಿವು ಬಚ್ಚಿಡುತ್ತೇವೆ ಅಲ್ವಾ? ಆ ಶ್ರಮ ಬೇರೆ ಕಡೆ ಹಾಕಬಹುದು. ಹುಡುಗಿಗೆ ಬುದ್ಧಿ ಹೇಳಬೇಕು ಅಂತ ಓದುಗರಿಗೆ ಅನಿಸುತ್ತಿದೆಯೇ? ಅದನ್ನು ನೋಡಿ.

ಮೊದಲ ಕರಡಿನ ನಾಲ್ಕು, ಐದನೇ ಲಕೋಟೆಯಲ್ಲಿ ಕೆಂಪು ಒಂದೂ ಇರಲಿಲ್ಲ. ಅಲ್ಲಿ ಇದ್ದದ್ದು ಟ್ಯೂಷನ್, ಗೆಳತಿಯ ಮನೆ, ಒಬ್ಬ ಹುಡುಗನ ಪರಿಚಯ, ಪರೀಕ್ಷೆ. ಅವಳು ಬೆಳೆಯುವ ಭಾಗವೇ ಅದು, ನನಗೆ ತುಂಬ ಇಷ್ಟದ್ದು. ವರದಿ ಬರೆದವರು ಅದನ್ನು ಅರ್ಧ ಮಾಡಿ ಅಂದಿದ್ದರು. ಒಮ್ಮೆ ಅರ್ಧ ಮಾಡಿಯೂ ನೋಡಿದೆ, ದಿನಗಳ ಲೆಕ್ಕ ಸ್ವಲ್ಪವೂ ಬದಲಾಗಲಿಲ್ಲ. ಪುಟ ಕಡಿಮೆಯಾಯಿತು, ಬೇಸರ ಹಾಗೇ ಉಳಿಯಿತು. ಆಮೇಲೆ ಚೀಟಿಗಳನ್ನು ಮತ್ತೆ ಓದಿದಾಗ ತಿಳಿಯಿತು. ಆ ಭಾಗದಲ್ಲಿ ಹುಡುಗಿ ಏನೇ ಮಾಡಿದರೂ ಏನೂ ಆಗುವುದಿಲ್ಲ. ಅವಳ ಕೈಯಲ್ಲಿ ಏನೂ ಇಲ್ಲ. ಇನ್ನು ಓದುಗರು ಏನಂತ ಬುದ್ಧಿ ಹೇಳುತ್ತಾರೆ?

ಅವಳ ಕೈಗೆ ಒಂದು ವಸ್ತು ಕೊಟ್ಟೆ. ಮೂರನೇ ಲಕೋಟೆಯ ಕೊನೆಯಲ್ಲಿ ಅಪ್ಪನ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಒಂದು ಸಿಮ್ ಕಾರ್ಡ್ ಸಿಗುತ್ತೆ. ಅವಳು ಅದನ್ನು ಯಾರಿಗೂ ಹೇಳದೆ ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಳ್ಳುತ್ತಾಳೆ. ಅಷ್ಟೇ. ಮಿಕ್ಕಿದ್ದೆಲ್ಲ ಹಾಗೇ ಇದೆ, ಅದೇ ಟ್ಯೂಷನ್, ಅದೇ ಗೆಳತಿ. ಆದರೆ ಈಗ ತಮ್ಮ ಕಂಪಾಸ್ ಬೇಕು ಅಂತ ಬಾಕ್ಸ್ ಕೇಳಿದರೂ ಎದೆ ಹೊಡೆದುಕೊಳ್ಳುತ್ತೆ. ಸಿನಿಮಾ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಇನ್ನೊಬ್ಬ ನಿರ್ದೇಶಕ ಫ್ರಾನ್ಸ್ವಾ ತ್ರುಫೋ ಜೊತೆ ಮಾತಾಡುತ್ತ ಹೇಳಿದ ಮೇಜಿನ ಕೆಳಗಿನ ಬಾಂಬಿನ ಮಾತು ನಿಮಗೆಲ್ಲ ಗೊತ್ತಿರುತ್ತೆ. ಬಾಂಬ್ ಇರುವುದು ನೋಡುಗರಿಗೆ ಗೊತ್ತಿಲ್ಲದಿದ್ದರೆ 15 ಸೆಕೆಂಡಿನ ಬೆಚ್ಚು, ಗೊತ್ತಿದ್ದರೆ 15 ನಿಮಿಷದ ಸಸ್ಪೆನ್ಸ್. ಬೆಳೆಯುವ ಮಕ್ಕಳ ಕಥೆಗೆ ನಾನು ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಬಾಂಬನ್ನು ಮೇಜಿನ ಕೆಳಗೆ ಇಟ್ಟವಳು ಅವಳೇ ಆಗಿರಬೇಕು. ಆಗ ಅವಳ ಭಯ, ಅವಳ ಬೆಳವಣಿಗೆ ಎರಡೂ ಒಂದೇ ಜಾಗದಿಂದ ಬರುತ್ತವೆ. ಎರಡನೇ ಸುತ್ತಿನಲ್ಲಿ ನಾಲ್ಕು, ಐದನೇ ಲಕೋಟೆ ಎರಡು ಮೂರು ದಿನಕ್ಕೆ ಇಳಿಯಿತು. ಕೆಂಪು ಚುಕ್ಕೆ ತುಂಬಿಕೊಂಡವು. ಒಬ್ಬ ಹುಡುಗ ಬರೆದಿದ್ದ: ‘ಬಾಕ್ಸ್ ಅಲ್ಲಿ ಇಡಬೇಡ, ತಮ್ಮ ತೆಗೀತಾನೆ, ಶೂ ಒಳಗೆ ಇಡು.’

ಎರಡನೇ ಸುತ್ತಿನಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಅದೇ ಪುಸ್ತಕಕ್ಕೆ ಪ್ರಕಾಶಕರನ್ನೂ ತಂದುಕೊಟ್ಟಿತು. ‘ಯಾರು ಸುಳ್ಳು ಹೇಳ್ತಿದ್ದಾರೆ’ ಅನ್ನುವುದಕ್ಕೆ ದೊಡ್ಡವರು ಮೂರು, ನಾಲ್ಕನೇ ಲಕೋಟೆಗೆ ಅಮ್ಮನ ಹೆಸರು ಬರೆಯಲು ಶುರು ಮಾಡುತ್ತಿದ್ದರು. ಹದಿನೈದು ಹದಿನಾರರ ಓದುಗರು ಆರನೆಯದಕ್ಕೆ ಬಂದರೂ ಮಾವನನ್ನು ಬಿಟ್ಟು ಬೇರೆಯವರ ಹೆಸರು ಬರೆಯುತ್ತಿರಲಿಲ್ಲ. ಅಮ್ಮ ಸುಳ್ಳು ಹೇಳಬಹುದು ಅನ್ನುವ ಯೋಚನೆಯೇ ಆ ಕಡೆ ಹೋಗಿರಲಿಲ್ಲ. ಒಂದೇ ಸುಳಿವು, ಒಂದೇ ಮಾತು. ಓದಿದ್ದು ಎರಡು ಬೇರೆ ಬೇರೆ ಕಾದಂಬರಿ.

ಮಕ್ಕಳ ಕಡೆ ತೊಂದರೆ ಇರಲಿಲ್ಲ. ದೊಡ್ಡವರ ಕಡೆ ಇತ್ತು. ಅವರಿಗೆ ಅಮ್ಮನ ಮೇಲೆ ಅನುಮಾನ ಬಂದ ಮೇಲೆ ಕೆಂಪು ನಿಂತುಹೋಗುತ್ತಿತ್ತು. ‘ಇವಳಿಗೆ ಯಾವಾಗ ಗೊತ್ತಾಗುತ್ತೋ’ ಅಂತ ಕಾಯುತ್ತಿದ್ದರು. ಒಬ್ಬರು ‘ಹುಡುಗಿ ದಡ್ಡಿ’ ಅಂತಲೇ ಬರೆದರು. ಸುಲಭದ ದಾರಿ ಅಂದರೆ ಸುಳಿವನ್ನು ಇನ್ನೂ ಒಳಗೆ ತಳ್ಳುವುದು. ನಾನು ತಳ್ಳಲಿಲ್ಲ. ಅದರ ಬದಲು ಒಂದು ಸಣ್ಣ ದೃಶ್ಯ ಹಾಕಿದೆ. ಅಮ್ಮ ಫೋನಿನಲ್ಲಿ ಪಿಸುಗುಟ್ಟುವುದು ಹುಡುಗಿಗೆ ಕೇಳಿಸುತ್ತೆ. ಅವಳು ಎದ್ದುಹೋಗಿ ಮಿಕ್ಸಿ ಹಾಕಿಬಿಡುತ್ತಾಳೆ, ಕೇಳದ ಹಾಗೆ. ಜಾರ್‌ನಲ್ಲಿ ಏನೂ ಇಲ್ಲ.

ಹೆಚ್ಚೆಂದರೆ ಮುಕ್ಕಾಲು ಪುಟ. ಈಗ ಅವಳಿಗೂ ಅನುಮಾನ ಇದೆ, ಅದು ಅವಳಿಗೆ ಬೇಡವಾಗಿದೆ. ದೊಡ್ಡವರ ಚೀಟಿಯಲ್ಲಿ ‘ದಡ್ಡಿ’ ಹೋಗಿ ‘ಪಾಪ, ಮಗುಗೆ ಗೊತ್ತು’ ಅಂತ ಬಂತು. ಮಕ್ಕಳಿಗೆ ಆ ದೃಶ್ಯ ಬೇರೆ ಥರ ಕಂಡಿತು. ಮಾವನ ಫೋನ್ ಇರಬೇಕು, ಅವನಿಗೆ ಸಿಟ್ಟು ಬರಲಿ ಅಂತ ಮಿಕ್ಸಿ ಹಾಕಿದಳು ಅಂದುಕೊಂಡರು. ಎರಡು ಗುಂಪಿಗೂ ಕೆಂಪು ಬಂತು. ಈ ಮುಕ್ಕಾಲು ಪುಟದ ಮೇಲೆ ನನಗೆ ಹೆಮ್ಮೆ ಇದೆ. ಇಡೀ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯದು ನಾನು ಬರೆದಿಲ್ಲ.

ಪಕ್ಕದ ಪ್ರಯೋಗಗಳೂ ಕೆಲವು ನಡೆದವು. ಮೊದಲ ಕಟ್ಟನ್ನು ಎರಡು ಥರ ಮಾಡಿ ಹಂಚಿದ್ದೆ. ಒಂದರಲ್ಲಿ ಪ್ರೋಲಾಗ್ ಇದೆ, ಕತ್ತಲಲ್ಲಿ ಯಾರೋ ಗುಂಡಿ ತೋಡುತ್ತಿದ್ದಾರೆ. ಇನ್ನೊಂದರಲ್ಲಿ ಇಲ್ಲ, ನೇರ ಹುಡುಗಿಯಿಂದ ಶುರು. ಪ್ರೋಲಾಗ್ ಓದಿದವರು ಎರಡನೇ ಲಕೋಟೆಯನ್ನು ಬೇಗ ಒಡೆದರು, ಆದರೆ ಚೀಟಿಯಲ್ಲಿ ಹುಡುಗಿಯ ಹೆಸರೇ ಇಲ್ಲ, ಬರೀ ಗುಂಡಿಯ ಮಾತು. ಇನ್ನೊಂದು ಗುಂಪು ಸ್ವಲ್ಪ ತಡವಾಗಿ ಒಡೆದರೂ ಹುಡುಗಿಯನ್ನು ಹೆಸರು ಹಿಡಿದು ಬರೆದರು. ಪ್ರೋಲಾಗ್ ತೆಗೆದುಹಾಕಿದೆ. ಗುಂಡಿ ತೋಡುವ ದೃಶ್ಯ ಚೆನ್ನಾಗಿತ್ತು, ಬೇರೆ ಯಾವುದಕ್ಕಾದರೂ ಬಳಸುತ್ತೇನೆ.

ಇನ್ನೊಮ್ಮೆ ಹೈಸ್ಕೂಲು ಮಕ್ಕಳ ಒಂದು ಗುಂಪಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮಕ್ಕಳು ಬೇಸರವನ್ನು ಬಚ್ಚಿಡುವುದಿಲ್ಲ, ಕೂತಲ್ಲೇ ಅಲುಗಾಡುತ್ತಾರೆ. ಓದುತ್ತ ಓದುತ್ತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ. ಗುರುತು ಬಿದ್ದ ಕಡೆಯೆಲ್ಲ ವರ್ಣನೆ ಇರುತ್ತೆ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಹುಡುಗಿ ತನ್ನ ಮನಸ್ಸನ್ನು ತಾನೇ ವಿವರಿಸಿಕೊಳ್ಳುವ ಸಾಲುಗಳಿಗೆ ಗುರುತು ಬಿದ್ದಿತ್ತು. ‘ನನಗೆ ಅಂದು ಅರ್ಥವಾಗಿರಲಿಲ್ಲ’ ಅನ್ನುವಂಥವು. ಮಳೆಯ ವರ್ಣನೆ ಅರ್ಧ ಪುಟ ಇತ್ತು, ಒಬ್ಬರೂ ಅಲುಗಲಿಲ್ಲ. ಮನಸ್ಸಿನ ವಿವರಣೆ ಸಾಲುಗಳನ್ನು ಎಲ್ಲ ಕಡೆ ಹುಡುಕಿ ಕಿತ್ತುಹಾಕಿದೆ. ಕಾದಂಬರಿ ಹತ್ತು ಹನ್ನೆರಡು ಪುಟ ಕಡಿಮೆಯಾಯಿತು.

ಕೊನೆಯನ್ನು ಮೊದಲೇ ಹೇಳಿ ಓದಿಸಿದ್ದು ಇನ್ನೊಂದು. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊನಾಥನ್ ಲೆವಿಟ್, ನಿಕೋಲಸ್ ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 12 ಸಣ್ಣಕಥೆ ಕೊಟ್ಟು ನೋಡಿದಾಗ, ಕೊನೆ ಮೊದಲೇ ತಿಳಿದವರಿಗೇ ಕಥೆ ಹೆಚ್ಚು ಹಿಡಿಸಿತ್ತು. ಸಣ್ಣಕಥೆ ಬೇರೆ, ಕಾದಂಬರಿ ಬೇರೆ, ಆದರೂ ನೋಡೋಣ ಅಂತ ನಾಲ್ಕೈದು ಜನರಿಗೆ ಕೊನೆ ಹೇಳಿಯೇ ಲಕೋಟೆ ಕೊಟ್ಟೆ. ಹಿಡಿಸಿತೋ ಇಲ್ಲವೋ ಅನ್ನುವುದರಲ್ಲಿ ದೊಡ್ಡ ಫರಕು ಕಾಣಲಿಲ್ಲ. ಆದರೆ ಎಲ್ಲಿ ಮೋಸ ಮಾಡಿದ್ದೇನೆ ಅನ್ನುವುದನ್ನು ಅವರಷ್ಟು ಚೆನ್ನಾಗಿ ಯಾರೂ ಹಿಡಿಯಲಿಲ್ಲ. ‘ಅಮ್ಮನಿಗೆ ಗೊತ್ತಿದ್ದರೆ ಇಲ್ಲಿ ಅಳುವುದು ಯಾಕೆ, ಯಾರೂ ನೋಡುತ್ತಿಲ್ಲವಲ್ಲ?’ ಅಂತ ಒಬ್ಬರು ಬರೆದರು. ನೂರಕ್ಕೆ ನೂರು ಸರಿ. ಆ ಅಳು ತೆಗೆದೆ. ಈಗ ಯಾವ ಸುತ್ತು ಮಾಡಿದರೂ ಇಂಥ ನಾಲ್ಕು ಜನರನ್ನು ಬೇರೆ ಇಟ್ಟುಕೊಳ್ಳುತ್ತೇನೆ.

ಕೊನೆಯ ಅಧ್ಯಾಯದ ವಿಷಯದಲ್ಲಿ ಮಾತ್ರ ಚೀಟಿಯ ಮಾತು ಕೇಳಲಿಲ್ಲ. ಅರ್ಧದಷ್ಟು ಜನರಿಗೆ ಅಪ್ಪ ವಾಪಸ್ ಬರಬೇಕಿತ್ತು. ಓದಿದವರ ಮಾತಿಗೆ ಕೊನೆ ಬದಲಿಸಿದ ದೊಡ್ಡ ಉದಾಹರಣೆ ಇದೆ. ಹುಡುಗನೊಬ್ಬ ಬೆಳೆಯುವ, ಗುಟ್ಟು ತುಂಬಿದ, ಚಾರ್ಲ್ಸ್ ಡಿಕನ್ಸ್ ಬರೆದ ಕಾದಂಬರಿ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್ ತನಕ ವಾರವಾರ ಬಂತು. ಕೊನೆಯ ಭಾಗ ಅಚ್ಚಾಗುವ ಮೊದಲು ಡಿಕನ್ಸ್ ಅದನ್ನು ತನ್ನ ಸ್ನೇಹಿತ, ಕಾದಂಬರಿಕಾರ ಬುಲ್ವರ್ ಲಿಟನ್‌ಗೆ ತೋರಿಸಿದ. ಅವನು ಬೇಡ ಅಂದಿದ್ದಕ್ಕೆ ಕೊನೆಯನ್ನೇ ಹೊಸದಾಗಿ ಬರೆದ. ಯಾವ ಕೊನೆ ಸರಿ ಅಂತ ಜನ ಈಗಲೂ ವಾದ ಮಾಡುತ್ತಾರೆ. ನನ್ನ ಅನಿಸಿಕೆ ಇಷ್ಟು. ಓದುಗರು ಎಲ್ಲಿ ನಿಂತರು, ಯಾರಿಗೆ ಹೆದರಿದರು ಅನ್ನುವುದರಲ್ಲಿ ಅವರು ತಪ್ಪುವುದಿಲ್ಲ. ಕಥೆಗೆ ಏನು ಬೇಕು ಅನ್ನುವುದು ಬರೆಯುವವರ ಕೆಲಸ. ನನ್ನ ಹುಡುಗಿ ಕೊನೆಯಲ್ಲಿ ತಮ್ಮನಿಗೆ ಏನು ಹೇಳುತ್ತಾಳೆ ಅನ್ನುವುದು ಮೊದಲ ಕರಡಿನಿಂದ ಇವತ್ತಿನವರೆಗೂ ಒಂದಕ್ಷರ ಬದಲಾಗಿಲ್ಲ.

ದುಡ್ಡಿನ ಲೆಕ್ಕ. ಎಲ್ಲ ಸೇರಿ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ ಹೋಯಿತು. ಮೂರನೇ ಒಂದು ಪಾಲು ಆ ವರದಿಗೆ ಅಂತ ಆಗಲೇ ಹೇಳಿದೆ. ಉಳಿದದ್ದರಲ್ಲಿ ದೊಡ್ಡ ಪಾಲು ಪ್ರಿಂಟ್‌ಗೆ. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ಹೊಸ ಪ್ರತಿ ಕೊಟ್ಟೆ, ಅದು ಬೇಕಿರಲಿಲ್ಲ. ಎರಡನೇ ಸುತ್ತಿನಿಂದ ಆರು ಸೆಟ್ ಮಾತ್ರ ಮಾಡಿ ತಿರುಗಿಸಿದೆ. ಓದಿದ ಕಟ್ಟು ವಾಪಸ್ ಬಂದ ಮೇಲೆ ಹೊಸ ಲಕೋಟೆ, ಹೊಸ ಚೀಟಿ ಹಾಕಿ ಇನ್ನೊಬ್ಬರಿಗೆ. ಖರ್ಚು ಅರ್ಧಕ್ಕಿಂತ ಕೆಳಗೆ ಬಂತು, ಸಮಯ ಮಾತ್ರ ಎರಡು ಪಟ್ಟು. ವಾಪಸ್ ಕಳಿಸುವ ಖರ್ಚನ್ನು ಯಾವತ್ತೂ ಓದುಗರ ಮೇಲೆ ಹಾಕಬೇಡಿ, ಕಟ್ಟು ಅಲ್ಲೇ ಉಳಿದುಬಿಡುತ್ತೆ. ಓದಿದ್ದಕ್ಕೆ ದುಡ್ಡೂ ಕೊಡಬೇಡಿ. ಕೊಟ್ಟ ಕಡೆಯೆಲ್ಲ ಚೀಟಿ ಸಭ್ಯವಾಗಿಬಿಡುತ್ತೆ. ಪುಸ್ತಕ ಬಂದ ಮೇಲೆ ಒಂದು ಪ್ರತಿ ಕೊಡುತ್ತೇನೆ ಅಂದಿದ್ದೆ, ಎಲ್ಲರಿಗೂ ಕೊಟ್ಟೆ. ಎಂಟೂ ಲಕೋಟೆ ಮುಗಿಸುವ ಹಾಗೆ ಮಾಡಲು ಇನ್ನೊಂದು ಉಪಾಯ ಇದೆ. ಮೂರನೇ ಸುತ್ತಿನಲ್ಲಿ ನಡುವೆ ಬಿಟ್ಟವರು ಇಬ್ಬರೋ ಮೂವರೋ ಅಷ್ಟೇ. ಆ ಉಪಾಯ ಸದ್ಯಕ್ಕೆ ನನ್ನ ಹತ್ತಿರ ಇರಲಿ.

ಪ್ರಕಾಶಕರ ವಿಷಯ ಬೇಗ ಹೇಳಿಬಿಡುತ್ತೇನೆ. ಮೊದಲು ಇಬ್ಬರು ಬೇಡ ಅಂದರು. ಇಬ್ಬರದೂ ಒಂದೇ ಮಾತು: ಇದು ಮಕ್ಕಳಿಗೋ ದೊಡ್ಡವರಿಗೋ ಗೊತ್ತಾಗುತ್ತಿಲ್ಲ. ಮೂರನೆಯವರ ಹತ್ತಿರ ಹೋದಾಗ ಹಸ್ತಪ್ರತಿಯ ಜೊತೆ ಗೋಡೆ ಹಾಳೆಯ ಫೋಟೋ, ಆಯ್ದ ಚೀಟಿಗಳ ಒಂದು ಕಟ್ಟು ತೆಗೆದುಕೊಂಡು ಹೋದೆ. ಹದಿನಾರರ ಓದುಗರು ಮಾವನ ಹೆಸರು ಬರೆದ ಚೀಟಿ, ನಲವತ್ತರವರು ಅಮ್ಮನ ಹೆಸರು ಬರೆದ ಚೀಟಿ ಪಕ್ಕಪಕ್ಕ ಇಟ್ಟೆ. ಇಬ್ಬರೂ ಮುಂದಿನ ಲಕೋಟೆ ಅದೇ ರಾತ್ರಿ ಒಡೆದಿದ್ದರು. ಅವರು ಹಸ್ತಪ್ರತಿ ಬಿಟ್ಟು ಚೀಟಿಗಳನ್ನೇ ಅರ್ಧ ಗಂಟೆ ಓದಿದರು. ಒಪ್ಪಂದ ಆ ತಿಂಗಳಲ್ಲೇ ಆಯಿತು. ರಾಯಲ್ಟಿಯಲ್ಲಿ ಚೀಟಿಗೆ ಹೋದ ದುಡ್ಡು ವಾಪಸ್ ಬಂದು, ಮೇಲೆ ಸ್ವಲ್ಪ ಉಳಿದಿದೆ.

ಪುಸ್ತಕ ಬಂದ ಮೇಲೆ ಬಂದ ಪತ್ರ, ಮೆಸೇಜುಗಳು ಬಹುಪಾಲು ಚೀಟಿಗಳು ಹೇಳಿದ ಹಾಗೇ ಇವೆ. ಚಿಕ್ಕವರು ‘ಅವಳು ಮಾಡಿದ್ದೇ ಸರಿ’ ಅಂತ ಬರೆಯುತ್ತಾರೆ. ದೊಡ್ಡವರು ಅಮ್ಮನ ಬಗ್ಗೆ ಉದ್ದುದ್ದ ಬರೆಯುತ್ತಾರೆ. ಒಬ್ಬ ತಾಯಿ, ಮಗಳು ಇಬ್ಬರೂ ಓದಿ ಎರಡು ದಿನ ಮಾತು ಬಿಟ್ಟಿದ್ದರಂತೆ. ಆ ಪತ್ರ ಜೋಪಾನವಾಗಿ ಇಟ್ಟಿದ್ದೇನೆ. ಅಪ್ಪ ಬರಲಿಲ್ಲ ಅನ್ನುವ ಸಿಟ್ಟೂ ಎಣಿಸಿದಷ್ಟೇ ಇದೆ.

ಚೀಟಿ ಹಿಡಿಯದೇ ಹೋದದ್ದು ಒಂದಿದೆ. ಹುಡುಗಿಯ ಗೆಳತಿ ಕಾದಂಬರಿಯ ಅರ್ಧದಲ್ಲಿ ಬೇರೆ ಶಾಲೆಗೆ ಹೋಗುತ್ತಾಳೆ, ಆಮೇಲೆ ಬರುವುದಿಲ್ಲ. ಮೂರು ಸುತ್ತಿನಲ್ಲಿ ಒಬ್ಬರೂ ಅವಳನ್ನು ಕೇಳಿರಲಿಲ್ಲ. ಪುಸ್ತಕ ಬಂದ ಮೇಲೆ ಪತ್ರ ಬರೆದವರಲ್ಲಿ ನಾಲ್ಕರಲ್ಲಿ ಒಬ್ಬರಾದರೂ ‘ಆ ಗೆಳತಿ ಏನಾದಳು?’ ಅಂತ ಕೇಳುತ್ತಾರೆ. ನನಗೆ ಕಾಣುವ ಕಾರಣ ಹೀಗೆ. ‘ಮುಂದೆ ಏನಾಗುತ್ತೆ’ ಅಂತ ಕೇಳಿದರೆ ಜನ ಎದುರಿಗೆ ಇರುವವರ ಬಗ್ಗೆ ಮಾತ್ರ ಯೋಚಿಸುತ್ತಾರೆ. ಕಥೆಯಿಂದ ಹೊರಗೆ ಹೋದವರ ನೆನಪು ಬರುವುದು ಪುಸ್ತಕ ಮುಚ್ಚಿ ಒಂದು ವಾರ ಆದ ಮೇಲೆ. ಅದಕ್ಕೆ ಎರಡನೇ ಕಾದಂಬರಿಗೆ ಒಂಬತ್ತನೇ ಲಕೋಟೆ ಸೇರಿಸಿದ್ದೇನೆ. ಒಳಗೆ ಕಥೆ ಇಲ್ಲ, ಚೀಟಿ ಮಾತ್ರ. ಎಂಟನೆಯದು ಮುಗಿಸಿ ಹತ್ತು ದಿನ ಬಿಟ್ಟು ಒಡೆಯಬೇಕು. ಪ್ರಶ್ನೆ ಒಂದೇ: ‘ಈಗ ಯಾರು ನೆನಪಿಗೆ ಬರ್ತಿದ್ದಾರೆ?’ ಇಲ್ಲಿಯವರೆಗೆ ಏಳೆಂಟು ಉತ್ತರ ಬಂದಿವೆ, ಅದರಲ್ಲಿ ಮೂರು ನಾಲ್ಕು ಜನ ಒಂದೇ ಹೆಸರು ಬರೆದಿದ್ದಾರೆ. ಎರಡೇ ಪುಟದಲ್ಲಿ ಬಂದುಹೋಗುವ ಬಸ್ ಕಂಡಕ್ಟರ್. ಅವನಿಗೆ ಇನ್ನೊಂದು ಅಧ್ಯಾಯ ಬರೆಯುತ್ತಿದ್ದೇನೆ.